ಹಳೆಯ ಛತ್ರದ ವಯಸ್ಸು

ಹೊಸೂರು ರಸ್ತೆಯ ನಮ್ಮ ಬೊಮ್ಮಸಂದ್ರದಲ್ಲಿ ಇಂದು ‘ಛತ್ರಕ್ಕೆ ಹೊರಟೆ’ ಎಂದರೆ, ಕೇಳಿದವರು ‘ಯಾರ ಮದುವೆ?’ ಎನ್ನುತ್ತಾರೆ. ಹಿಂದಿನವರಾಗಿದ್ದರೆ ‘ಯಾವ ಊರಿಗೆ ಪಯಣ?’ ಎನ್ನುತ್ತಿದ್ದರು. ಕೊಡೆ ಎಂಬರ್ಥದ ಛತ್ರ ಬೇರೆ. ಈ ಛತ್ರ ಸಂಸ್ಕೃತದ ‘ಸತ್ರ’ದಿಂದ ಬಂದದ್ದು. ಬಹುದಿನ ನಡೆಯುವ ಯಾಗಕ್ಕೆ ಸಲ್ಲುತ್ತಿದ್ದ ಆ ಪದ ಅನ್ನವಿಕ್ಕುವ ಮನೆಗೆ ಸಂದಿತು. ಬಳಿಕ ದಾರಿಹೋಕರ ತಂಗುಮನೆಗೆ, ಈಗ ಮದುವೆಮನೆಗೆ. ಹೀಗಿರುವಾಗ ‘ಇದು ಅತಿ ಹಳೆಯದು, ಇಂದಿಗೂ ನಡೆಯುತ್ತಿದೆ’ ಎಂದು ಯಾರಾದರೂ ಹೇಳಿಕೊಂಡರೆ, ನಡೆಯುತ್ತಿರುವುದು ಯಾವುದು ಎಂದು ಕೇಳಬೇಕಾಗುತ್ತದೆ.

ಹೆಸರಿನ ವಯಸ್ಸು ಒಂದು, ಕಟ್ಟಡದ ವಯಸ್ಸು ಇನ್ನೊಂದು, ಕೆಲಸ ತಡೆಯಿಲ್ಲದೆ ನಡೆದ ಕಾಲ ಮತ್ತೊಂದು. ಬೆಂಗಳೂರಿನ ಹೆಸರನ್ನೇ ನೋಡಿರಿ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂದಿತೆಂಬ ಕಥೆ ಎಲ್ಲರ ಬಾಯಲ್ಲಿದೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು 890ರ ಶಾಸನ, ಬಲ್ಲಾಳನಿಗಿಂತ ಬಹು ಹಿಂದೆಯೇ, ಬೆಂಗಳೂರಿನ ಕಾಳಗವನ್ನು ಹೇಳುತ್ತದೆ. ಕಥೆ ಸೊಗಸಾದುದೇ, ಸಾಕ್ಷಿ ಮಾತ್ರ ಕಲ್ಲಿನದು. ಹಾಗೆಂದು ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಗೆ ಆ ಶಾಸನದ ವಯಸ್ಸನ್ನು ಕೊಡಲಾಗದು.

ತಂಗುಮನೆಗಳಿಗೂ ಇದೇ ನ್ಯಾಯ. ಜಪಾನಿನಲ್ಲಿ 718ರಲ್ಲಿ ಆರಂಭವಾಯಿತೆನ್ನುವ ಹೋಶಿ ಎಂಬ ವಸತಿಗೃಹ ಜಗತ್ತಿನಲ್ಲೇ ಹಳೆಯದೆಂದು ಹೆಸರಾಗಿತ್ತು. 2011ರಲ್ಲಿ ಗಿನ್ನೆಸ್ ದಾಖಲೆ ಆ ಪಟ್ಟವನ್ನು 705ರದೆನ್ನುವ ಕೇಯುನ್‌ಕನ್‌ಗೆ ಕೊಟ್ಟಿತು. ಎರಡರಲ್ಲಿ ಯಾವುದೂ ರಾತ್ರಿ ಬೆಳಗಾಗುವುದರೊಳಗೆ ಮುದಿಯಾಗಲಿಲ್ಲ. ಬದಲಾದದ್ದು ಒಪ್ಪಿಕೊಂಡ ಆಧಾರ.

ನಮ್ಮಲ್ಲಿ ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಹತ್ತು ಕೋಣೆಗಳ ಊಟವಸತಿಯ ಮನೆಯಾಗಿ ಆರಂಭವಾಯಿತು. ಒಡೆತನ ಕೈಯಿಂದ ಕೈಗೆ ಹೋಯಿತು, ಕಟ್ಟಡಗಳು ಬೆಳೆದವು. ಅತಿಥಿಯನ್ನು ಇರಿಸಿಕೊಳ್ಳುವ ಕೆಲಸ ಉಳಿಯಿತು. ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತೆರೆಯಿತು. ವರ್ಷ ಎಣಿಸಿದರೆ ಇದು ಕಿರಿಯದು. ಆದರೆ ಒಂದು ಹಣ ಪಡೆದು ನಡೆಸುವ ಹೋಟೆಲು, ಇನ್ನೊಂದು ಧರ್ಮಕ್ಕೆ ಬಿಟ್ಟ ಮನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮೊದಲು ಪ್ರಶ್ನೆಯನ್ನು ನೆಟ್ಟಗೆ ಮಾಡಿಕೊಳ್ಳಬೇಕು: ಹಳೆಯ ಹೋಟೆಲು ಯಾವುದು, ಹಳೆಯ ಛತ್ರ ಯಾವುದು?

ಆದುದರಿಂದ ಗೋಡೆಯ ಮೇಲೆ ಬರೆದ ಇಸವಿ ವಿಚಾರಣೆಯ ಆರಂಭವೇ ಹೊರತು ತೀರ್ಪಲ್ಲ. ದಾನಪತ್ರವಿದೆಯೆ? ಲೆಕ್ಕದ ಪುಸ್ತಕಗಳಿವೆಯೆ? ನಡುವೆ ಬಾಗಿಲು ಮುಚ್ಚಿತ್ತೆ? ಎಲ್ಲಕ್ಕಿಂತ ಮಿಗಿಲಾಗಿ, ಈ ರಾತ್ರಿ ಗಂಟು ಹೊತ್ತು ಬಂದ ಅಪರಿಚಿತನಿಗೆ ಅಲ್ಲಿ ಚಾಪೆ ಸಿಕ್ಕುವುದೆ? ಸಿಕ್ಕದಿದ್ದರೆ ಕಟ್ಟಡ ಇನ್ನೂರು ವರ್ಷದ್ದಿರಬಹುದು, ಹೆಸರು ಇನ್ನೂ ಹಳೆಯದಿರಬಹುದು. ಛತ್ರ ಮಾತ್ರ ಎಂದೋ ಮುಚ್ಚಿದೆ. ನಮ್ಮ ಊರುಗಳಲ್ಲಿ ಹೀಗೆ ಸದ್ದಿಲ್ಲದೆ ಮುಚ್ಚಿದವುಗಳ ಇಸವಿಯನ್ನೂ ಯಾರಾದರೂ ಬರೆದಿಟ್ಟರೆ, ಅದೂ ಇತಿಹಾಸವೇ.