ಬೀದಿನಾಯಿಗಳ ರಕ್ಷಣೆ

ಬೀದಿನಾಯಿಗಳ ರಕ್ಷಣೆ ಎಂದರೆ ಮಾಲೀಕರಿಲ್ಲದ, ದಾರಿ ತಪ್ಪಿದ ಅಥವಾ ಮಾಲೀಕರು ತೊರೆದ ನಾಯಿಗಳು ಸಾರ್ವಜನಿಕ ಸ್ಥಳಗಳಲ್ಲಿ ಕಂಡುಬಂದಾಗ ಅವುಗಳ ಸುರಕ್ಷತೆಗಾಗಿ ಮತ್ತು ಜನರ ಆರೋಗ್ಯದ ದೃಷ್ಟಿಯಿಂದ ಕೈಗೊಳ್ಳುವ ಕ್ರಮಗಳು. ಭಾರತದಲ್ಲಿ ಬೀದಿಯಲ್ಲಿ ಕಾಣುವ ನಾಯಿಗಳಲ್ಲಿ ಹೆಚ್ಚಿನವು ಕಳೆದುಹೋದ ಸಾಕುನಾಯಿಗಳಲ್ಲ; ಅವು ಬೀದಿಯಲ್ಲಿಯೇ ಹುಟ್ಟಿ, ನಿರ್ದಿಷ್ಟ ಪ್ರದೇಶವೊಂದರಲ್ಲಿ ಗುಂಪಾಗಿ ಬದುಕುವ ನಾಯಿಗಳಾಗಿವೆ. ಆದ್ದರಿಂದ ನಾಯಿಯೊಂದು ಕಂಡುಬಂದಾಗ ಅದು ಯಾವ ವರ್ಗಕ್ಕೆ ಸೇರಿದುದೆಂದು ಗುರುತಿಸುವುದು ಮೊದಲ ಹೆಜ್ಜೆಯಾಗಿದೆ. ಬೀದಿಯಲ್ಲಿ ನೆಲೆಗೊಂಡ ಆರೋಗ್ಯವಂತ ನಾಯಿಯನ್ನು ಬೇರೆಡೆಗೆ ಒಯ್ಯುವುದು ಅದಕ್ಕೆ ಅಪಾಯಕಾರಿಯಾಗಬಹುದು. ಹಾಗೆಯೇ ದಾರಿ ತಪ್ಪಿದ ಸಾಕುನಾಯಿಯನ್ನು ಬೀದಿಯಲ್ಲಿಯೇ ಬಿಡುವುದೂ ಅಪಾಯಕಾರಿ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 1.53 ಕೋಟಿ ಬೀದಿನಾಯಿಗಳಿದ್ದವು. 2012ರ ಗಣತಿಯಲ್ಲಿ ಈ ಸಂಖ್ಯೆ ಸುಮಾರು 1.71 ಕೋಟಿಯಾಗಿತ್ತು.

ವಿಧಗಳು

ಬೀದಿಯಲ್ಲಿ ಕಂಡುಬರುವ ನಾಯಿಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

• ಸಮುದಾಯದ ನಾಯಿಗಳು: ಬೀದಿಯಲ್ಲಿ ಹುಟ್ಟಿ ಬೆಳೆದವು. ಆಡುಮಾತಿನಲ್ಲಿ ಇವುಗಳನ್ನು 'ಕಂತ್ರಿ ನಾಯಿ' ಎಂದು ಕರೆಯುವುದುಂಟು. ಇವು ತಮ್ಮ ಬೀದಿಯ ಜನರನ್ನು ಗುರುತಿಸುತ್ತವೆ, ನಿಗದಿತ ಜಾಗಗಳಲ್ಲಿ ಆಹಾರ ಪಡೆಯುತ್ತವೆ ಮತ್ತು ಹೊರಗಿನ ನಾಯಿಗಳನ್ನು ಓಡಿಸುತ್ತವೆ.
• ದಾರಿ ತಪ್ಪಿದ ಸಾಕುನಾಯಿಗಳು: ದೀಪಾವಳಿಯ ಪಟಾಕಿ, ಗುಡುಗು ಮೊದಲಾದ ಸದ್ದಿಗೆ ಬೆದರಿ ಅಥವಾ ತೆರೆದ ಗೇಟಿನಿಂದ ಹೊರಬಂದು ಮನೆಯ ದಾರಿ ಮರೆತವು.
• ತೊರೆಯಲ್ಪಟ್ಟ ನಾಯಿಗಳು: ವಯಸ್ಸು, ಕಾಯಿಲೆ, ಮನೆ ಬದಲಾವಣೆ ಮೊದಲಾದ ಕಾರಣಗಳಿಗಾಗಿ ಮಾಲೀಕರು ಉದ್ದೇಶಪೂರ್ವಕವಾಗಿ ಬಿಟ್ಟುಹೋದವು. ವಿದೇಶಿ ತಳಿಯ ನಾಯಿಗಳಿಗೆ ಬೀದಿಯಲ್ಲಿ ಆಹಾರ ಹುಡುಕುವ ರೂಢಿಯಿರುವುದಿಲ್ಲ.

ಕೊರಳಪಟ್ಟಿ ಅಥವಾ ಅದನ್ನು ಕಟ್ಟಿದ್ದ ಗುರುತು, ಕತ್ತರಿಸಿದ ಉಗುರು, ತಳಿಯ ಲಕ್ಷಣ, ಹೆಸರು ಅಥವಾ 'ಕೂತ್ಕೋ'ದಂತಹ ಆಜ್ಞೆಗೆ ಸ್ಪಂದಿಸುವುದು, ರಸ್ತೆಯಲ್ಲಿ ಗೊಂದಲದಿಂದ ಅತ್ತಿತ್ತ ಓಡುವುದು, ಸ್ಥಳೀಯ ನಾಯಿಗಳ ಬೆನ್ನಟ್ಟುವಿಕೆಗೆ ಗುರಿಯಾಗುವುದು ಇವು ಸಾಕುನಾಯಿಯ ಸೂಚನೆಗಳು. ಒಂದು ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆಂದು ತಿಳಿಯಬಹುದು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರೇಬೀಸ್ ಲಸಿಕೆಯನ್ನೂ ನೀಡಲಾಗುತ್ತದೆ.

ಇತಿಹಾಸ

ಬ್ರಿಟಿಷ್ ಆಡಳಿತದ ಕಾಲದಲ್ಲಿ ನಗರಗಳ ಬೀದಿನಾಯಿಗಳನ್ನು ಕೊಲ್ಲುವುದೇ ಸಾಮಾನ್ಯ ಕ್ರಮವಾಗಿತ್ತು. 1832ರ ಜೂನ್‌ನಲ್ಲಿ ಬೊಂಬಾಯಿಯಲ್ಲಿ ಇಂತಹ ಹತ್ಯೆಯ ವಿರುದ್ಧ, ನಾಯಿಗಳಿಗೆ ಧಾರ್ಮಿಕ ಮಹತ್ವ ನೀಡುವ ಪಾರ್ಸಿ ಸಮುದಾಯದವರು ಪ್ರತಿಭಟಿಸಿದರು. ಅದು ಗಲಭೆಯ ರೂಪ ಪಡೆಯಿತು.

ಸ್ವಾತಂತ್ರ್ಯಾನಂತರವೂ ಹಲವು ನಗರಗಳಲ್ಲಿ ನಾಯಿಗಳನ್ನು ಕೊಲ್ಲುವ ಪದ್ಧತಿ ಮುಂದುವರಿಯಿತು. ಕೊಂದ ನಾಯಿಗಳ ಜಾಗಕ್ಕೆ ಸುತ್ತಲಿನ ಪ್ರದೇಶಗಳಿಂದ ಹೊಸ ನಾಯಿಗಳು ಬಂದು ಸೇರುತ್ತಿದ್ದುದರಿಂದ ಇದು ಶಾಶ್ವತ ಪರಿಹಾರವಾಗಲಿಲ್ಲ. 1959ರಲ್ಲಿ ಮದರಾಸಿನಲ್ಲಿ ಸ್ಥಾಪನೆಗೊಂಡ ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆಯು ಹತ್ಯೆಯ ಬದಲಿಗೆ ಸಂತಾನಹರಣ ಮತ್ತು ಲಸಿಕೆಯ ಕಾರ್ಯಕ್ರಮವನ್ನು ಪ್ರತಿಪಾದಿಸಿತು. 1996ರಲ್ಲಿ ಅಲ್ಲಿನ ನಗರಪಾಲಿಕೆ ಇದನ್ನು ಒಪ್ಪಿಕೊಂಡಿತು. 2001ರಲ್ಲಿ ಕೇಂದ್ರ ಸರ್ಕಾರವು ಇದೇ ವಿಧಾನವನ್ನು ನಿಯಮಗಳ ಮೂಲಕ ದೇಶಾದ್ಯಂತ ಜಾರಿಗೆ ತಂದಿತು.

ಕಾನೂನು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಪ್ರಕರಣದ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಆದರೆ ಮೊದಲ ಅಪರಾಧಕ್ಕೆ ಕಾಯ್ದೆ ವಿಧಿಸುವ ಗರಿಷ್ಠ ದಂಡ 50 ರೂಪಾಯಿ ಮಾತ್ರ. ಪ್ರಾಣಿಯನ್ನು ಕೊಲ್ಲುವುದು, ಅದಕ್ಕೆ ವಿಷವುಣಿಸುವುದು ಅಥವಾ ಅದನ್ನು ಅಂಗವಿಕಲಗೊಳಿಸುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಪ್ರಕರಣದ ಅಡಿಯಲ್ಲಿ 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧವಾಗಿದೆ.

2001ರ ನಿಯಮಗಳ ಸ್ಥಾನದಲ್ಲಿ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023 ಜಾರಿಗೆ ಬಂದವು. ಇವುಗಳ ಪ್ರಕಾರ ನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಸಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡುವುದು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿದೆ. ಈ ಕಾರ್ಯವನ್ನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ ನಡೆಸಬೇಕು. ಆಹಾರ ನೀಡುವ ಜಾಗವು ಮಕ್ಕಳ ಆಟದ ಸ್ಥಳ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರವಿರಬೇಕೆಂದೂ ನಿಯಮಗಳು ಹೇಳುತ್ತವೆ.

2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ದ್ವಿಸದಸ್ಯ ಪೀಠವು ದೆಹಲಿ ಮತ್ತು ಸುತ್ತಲಿನ ನಗರಗಳ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸುವಂತೆ ಆದೇಶಿಸಿತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠವು ಈ ಆದೇಶವನ್ನು ಮಾರ್ಪಡಿಸಿ, ರೇಬೀಸ್ ತಗಲಿದ ಅಥವಾ ತಗಲಿರುವ ಶಂಕೆಯಿರುವ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವುಗಳನ್ನು ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಅದೇ ಪ್ರದೇಶದಲ್ಲಿ ಬಿಡಬಹುದೆಂದು ತಿಳಿಸಿತು. ಬೀದಿಗಳಲ್ಲಿ ಆಹಾರ ನೀಡುವುದನ್ನು ನಿಷೇಧಿಸಿ, ಪ್ರತಿ ವಾರ್ಡ್‌ನಲ್ಲಿಯೂ ಇದಕ್ಕಾಗಿ ಜಾಗ ಗುರುತಿಸಲು ಸೂಚಿಸಿತು. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಮರಳದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆಯೆಂದೂ ಹೇಳಿತು. ನವೆಂಬರ್ 7ರ ಆದೇಶದಲ್ಲಿ ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಆಶ್ರಯತಾಣಗಳಿಗೆ ಸ್ಥಳಾಂತರಿಸಬೇಕು, ಅವುಗಳನ್ನು ಅದೇ ಜಾಗದಲ್ಲಿ ಮತ್ತೆ ಬಿಡಬಾರದು ಎಂದು ನಿರ್ದೇಶಿಸಿತು.

ನಾಯಿ ಕಂಡುಬಂದಾಗ ಅನುಸರಿಸುವ ಕ್ರಮ

ಸಮೀಪಿಸುವುದು

ಅಪರಿಚಿತ ನಾಯಿಯನ್ನು ಸ್ವಲ್ಪ ಹೊತ್ತು ದೂರದಿಂದಲೇ ಗಮನಿಸುವುದು ಸೂಕ್ತ. ಬಾಲವನ್ನು ಕಾಲುಗಳ ನಡುವೆ ಅಡಗಿಸುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು ಭಯದ ಲಕ್ಷಣಗಳು. ಹಲ್ಲು ತೋರಿಸುವುದು, ಗುರುಗುಟ್ಟುವುದು, ಮೈ ಸೆಟೆದು ನಿಲ್ಲುವುದು ಎಚ್ಚರಿಕೆಯ ಲಕ್ಷಣಗಳು. ಭಯಗೊಂಡ ನಾಯಿಯೂ ಕಚ್ಚಬಹುದು. ನೇರವಾಗಿ ದಿಟ್ಟಿಸದೆ, ಪಕ್ಕಕ್ಕೆ ತಿರುಗಿ ಕುಳಿತು, ಆಹಾರವನ್ನು ತುಸು ದೂರದಲ್ಲಿ ಇಟ್ಟು ನಾಯಿ ತಾನಾಗಿಯೇ ಹತ್ತಿರ ಬರುವವರೆಗೆ ಕಾಯಬೇಕು. ಉಣ್ಣುತ್ತಿರುವ, ಮಲಗಿರುವ ಅಥವಾ ಮರಿಗಳ ಜೊತೆಗಿರುವ ನಾಯಿಯನ್ನು ಮುಟ್ಟಬಾರದು. ನಾಯಿ ಬೆನ್ನಟ್ಟಿದರೆ ಓಡುವುದು ಅದನ್ನು ಮತ್ತಷ್ಟು ಕೆರಳಿಸುತ್ತದೆ.

ಮಾಲೀಕರ ಹುಡುಕಾಟ

ನಾಯಿ ಸಾಕಿದ್ದೆಂದು ಕಂಡುಬಂದರೆ ಕೊರಳಪಟ್ಟಿಯಲ್ಲಿ ದೂರವಾಣಿ ಸಂಖ್ಯೆ ಅಥವಾ ಪರವಾನಗಿಯ ಬಿಲ್ಲೆ ಇದೆಯೇ ಎಂದು ನೋಡಬೇಕು. ಕೆಲವು ನಾಯಿಗಳ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರುತ್ತದೆ. ಓದುವ ಸಾಧನವಿರುವ ಪಶುವೈದ್ಯರು ಅದನ್ನು ಪರೀಕ್ಷಿಸಬಲ್ಲರು. ದಾರಿ ತಪ್ಪಿದ ನಾಯಿಗಳ ಮನೆ ಹತ್ತಿರದಲ್ಲೇ ಇರುವ ಸಾಧ್ಯತೆ ಇರುವುದರಿಂದ ಅಕ್ಕಪಕ್ಕದ ಅಂಗಡಿಯವರು, ಕಾವಲುಗಾರರು, ಪೌರಕಾರ್ಮಿಕರು ಮತ್ತು ಹಾಲು, ಪತ್ರಿಕೆ ಹಂಚುವವರನ್ನು ವಿಚಾರಿಸುವುದು ಉಪಯುಕ್ತ. ನಾಯಿಯ ಛಾಯಾಚಿತ್ರವನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಬಹುದು. ಪ್ರಕಟಣೆಯಲ್ಲಿ ನಾಯಿಯ ಒಂದು ವಿಶೇಷ ಗುರುತನ್ನು ಹೇಳದೆ ಉಳಿಸಿಕೊಂಡರೆ, ಮಾಲೀಕರೆಂದು ಹೇಳಿಕೊಂಡು ಬರುವವರನ್ನು ಪರೀಕ್ಷಿಸಲು ಅನುಕೂಲವಾಗುತ್ತದೆ. ಹಳೆಯ ಛಾಯಾಚಿತ್ರ ಮತ್ತು ಲಸಿಕೆಯ ದಾಖಲೆ ಮಾಲೀಕತ್ವದ ಉತ್ತಮ ಪುರಾವೆಗಳು.

ಮನೆಯಲ್ಲಿ ತಾತ್ಕಾಲಿಕ ಆಶ್ರಯ ನೀಡುವಾಗ ಪಶುವೈದ್ಯರ ತಪಾಸಣೆ ಆಗುವವರೆಗೆ ಹೊಸ ನಾಯಿಯನ್ನು ಇತರ ಸಾಕುಪ್ರಾಣಿಗಳಿಂದ ಪ್ರತ್ಯೇಕವಾಗಿ ಇರಿಸಬೇಕು. ಡಿಸ್ಟೆಂಪರ್ ಮತ್ತು ಪಾರ್ವೋ ಎಂಬ ವೈರಾಣು ರೋಗಗಳು ನಾಯಿಯಿಂದ ನಾಯಿಗೆ ಬೇಗ ಹರಡುತ್ತವೆ.

ಗಾಯಗೊಂಡ ನಾಯಿ

ವಾಹನ ಬಡಿದ ನಾಯಿ ನೋವಿನಿಂದ ಯಾರನ್ನಾದರೂ ಕಚ್ಚಬಹುದು. ಅದರ ಮೇಲೆ ದಪ್ಪ ಬಟ್ಟೆ ಹೊದಿಸಿ, ಹಲಗೆ ಅಥವಾ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೆ ಮೈ ಬಾಗದಂತೆ ಸಾಗಿಸಬೇಕು. ಹುಳುವಾದ ಗಾಯದ ಮೇಲೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವುದು ಅಂಗಾಂಶಗಳಿಗೆ ಹಾನಿ ಮಾಡುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮೊದಲಾದ ಮನುಷ್ಯರ ನೋವುನಿವಾರಕಗಳು ನಾಯಿಗಳಿಗೆ ವಿಷವಾಗಬಹುದು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮತ್ತು ಬೇಯಿಸಿದ ಮೂಳೆಗಳನ್ನು ಕೊಡಬಾರದು. ಚಿಕಿತ್ಸೆಗೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯನ್ನು ಅಥವಾ ಪ್ರಾಣಿ ಕಲ್ಯಾಣ ಸಂಸ್ಥೆಯನ್ನು ಸಂಪರ್ಕಿಸಬಹುದು. ಸಂಚಾರಿ ಪಶು ಚಿಕಿತ್ಸಾ ಘಟಕಗಳ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 1962.

ಮರಿಗಳು

ಒಂಟಿಯಾಗಿ ಕಂಡ ಮರಿಗಳೆಲ್ಲ ಅನಾಥವಲ್ಲ. ತಾಯಿ ನಾಯಿ ಆಹಾರ ಹುಡುಕಿಕೊಂಡು ಹೋಗಿರಬಹುದಾದ್ದರಿಂದ ಕೆಲವು ಗಂಟೆಗಳ ಕಾಲ ದೂರದಿಂದ ಗಮನಿಸಬೇಕು. ಸಾಮಾನ್ಯವಾಗಿ ಮರಿಗಳು 6ರಿಂದ 8 ವಾರಗಳವರೆಗೆ ತಾಯಿಯ ಹಾಲನ್ನು ಅವಲಂಬಿಸಿರುತ್ತವೆ. ತಾಯಿ ಸತ್ತಿರುವುದು ಖಚಿತವಾದರೆ ಮೊದಲು ಮರಿಗಳನ್ನು ಬೆಚ್ಚಗಿಡಬೇಕು. ಮೈ ತಣ್ಣಗಿರುವ ಮರಿ ಆಹಾರವನ್ನು ಜೀರ್ಣಿಸಿಕೊಳ್ಳಲಾರದು. ಹಸುವಿನ ಹಾಲು ಭೇದಿಗೆ ಕಾರಣವಾಗಬಹುದಾದ್ದರಿಂದ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಪಶುವೈದ್ಯರ ಸಲಹೆಯಂತೆ ಬಳಸಬೇಕು. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 3 ತಿಂಗಳ ವಯಸ್ಸಿನಲ್ಲಿ ಹಾಕಲಾಗುತ್ತದೆ.

ಸಮುದಾಯದ ನಾಯಿ

ಆರೋಗ್ಯವಾಗಿರುವ ಸಮುದಾಯದ ನಾಯಿಯನ್ನು ಅದರ ಜಾಗದಲ್ಲಿಯೇ ಬಿಡುವುದು ಸಾಮಾನ್ಯ ಕ್ರಮ. ಅಪರಿಚಿತ ಪ್ರದೇಶದಲ್ಲಿ ಬಿಟ್ಟ ನಾಯಿಯ ಮೇಲೆ ಅಲ್ಲಿನ ನಾಯಿಗಳು ದಾಳಿ ಮಾಡುತ್ತವೆ. ಅದು ತೆರವು ಮಾಡಿದ ಜಾಗಕ್ಕೆ ಲಸಿಕೆ ಪಡೆಯದ ಬೇರೊಂದು ನಾಯಿ ಬರಬಹುದು. ಕಿವಿಯ ಗುರುತಿಲ್ಲದ ನಾಯಿಗಳ ಬಗ್ಗೆ ಸ್ಥಳೀಯ ಸಂಸ್ಥೆಗೆ ತಿಳಿಸಿ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗೆ ಕೋರಬಹುದು.

ರೇಬೀಸ್ ಮತ್ತು ನಾಯಿ ಕಡಿತ

ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಸಾವು ಬಹುತೇಕ ನಿಶ್ಚಿತ. ಆದರೆ ಕಡಿತದ ನಂತರ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಇದನ್ನು ಸಂಪೂರ್ಣವಾಗಿ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ರೇಬೀಸ್ ತಗಲುವ ಪ್ರಕರಣಗಳಲ್ಲಿ ಶೇ. 99ರವರೆಗೆ ನಾಯಿಗಳೇ ಮೂಲ. ಒಂದು ಪ್ರದೇಶದ ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಹರಡುವಿಕೆ ನಿಲ್ಲುತ್ತದೆ ಎಂದು ಪರಿಗಣಿಸಲಾಗಿದೆ.

ಸ್ವಭಾವದಲ್ಲಿ ಹಠಾತ್ ಬದಲಾವಣೆ, ಕಾರಣವಿಲ್ಲದೆ ಕಚ್ಚುವುದು, ಜೊಲ್ಲು ಸುರಿಸುವುದು, ಕೆಳದವಡೆ ಜೋತುಬೀಳುವುದು, ಬೊಗಳುವ ದನಿ ಬದಲಾಗುವುದು ಮತ್ತು ತೂರಾಡುವ ನಡಿಗೆ ನಾಯಿಗಳಲ್ಲಿ ಈ ರೋಗದ ಲಕ್ಷಣಗಳು. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ಆದ್ದರಿಂದ ನಾಯಿ ನೀರು ಕುಡಿಯಿತೆಂಬ ಕಾರಣಕ್ಕೆ ಅದಕ್ಕೆ ರೇಬೀಸ್ ಇಲ್ಲವೆಂದು ತೀರ್ಮಾನಿಸಲಾಗದು. ಇಂತಹ ನಾಯಿಯ ಬಳಿ ಹೋಗದೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು.

ಕಡಿತಕ್ಕೊಳಗಾದವರು ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಕನಿಷ್ಠ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೆಣಸಿನಪುಡಿ, ಸುಣ್ಣ, ಅರಿಶಿನ, ಕಾಫಿಪುಡಿಗಳನ್ನು ಗಾಯಕ್ಕೆ ಹಚ್ಚುವುದು ಹಾನಿಕರ. ಗಾಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ.

• ಒಂದನೇ ವರ್ಗ: ನಾಯಿಯನ್ನು ಮುಟ್ಟುವುದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕುವುದು. ಲಸಿಕೆ ಅಗತ್ಯವಿಲ್ಲ.
• ಎರಡನೇ ವರ್ಗ: ರಕ್ತ ಬರದ ಸಣ್ಣ ತರಚು ಅಥವಾ ಮೆಲುಗಚ್ಚು. ಲಸಿಕೆ ಅಗತ್ಯ.
• ಮೂರನೇ ವರ್ಗ: ಚರ್ಮ ಸೀಳಿದ ಕಡಿತ, ಗಾಯದ ಮೇಲೆ ಅಥವಾ ಬಾಯಿ, ಕಣ್ಣುಗಳ ಪೊರೆಗೆ ಜೊಲ್ಲು ತಗಲುವುದು. ಲಸಿಕೆಯ ಜೊತೆಗೆ ಗಾಯದೊಳಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಅಗತ್ಯ.

ಭಾರತದಲ್ಲಿ ಚರ್ಮದೊಳಗೆ ನೀಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನಗಳಂದು ಹಾಕಲಾಗುತ್ತದೆ. ಕಚ್ಚಿದ ನಾಯಿಯ ಮೇಲೆ 10 ದಿನ ನಿಗಾ ಇಡುವುದುಂಟು. ಆದರೆ ಅದರ ಫಲಿತಾಂಶಕ್ಕಾಗಿ ಕಾದು ಲಸಿಕೆಯನ್ನು ಮುಂದೂಡಬಾರದು.

ಕರ್ನಾಟಕದಲ್ಲಿ

2019ರ ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 11.4 ಲಕ್ಷ ಬೀದಿನಾಯಿಗಳಿದ್ದವು. 2007ರಲ್ಲಿ ಬೆಂಗಳೂರಿನಲ್ಲಿ ನಾಯಿಗಳ ದಾಳಿಯಿಂದ ಇಬ್ಬರು ಮಕ್ಕಳು ಮೃತಪಟ್ಟ ನಂತರ ವ್ಯಾಪಕ ಪ್ರತಿಭಟನೆಗಳು ನಡೆದವು ಮತ್ತು ಅನೇಕ ನಾಯಿಗಳನ್ನು ಕೊಲ್ಲಲಾಯಿತು. 2023ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು ಕಂಡುಬಂದವು. 2019ರಲ್ಲಿ ಈ ಸಂಖ್ಯೆ 3.10 ಲಕ್ಷವಾಗಿತ್ತು. ಇದೇ ಅವಧಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ನಾಯಿಗಳ ಪ್ರಮಾಣ ಶೇ. 51ರಿಂದ ಶೇ. 72ರ ಸಮೀಪಕ್ಕೆ ಏರಿತು. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಸ್ಥಾಪಿಸಿದ ಕ್ಯೂಪಾ ಸಂಸ್ಥೆಯು ನಗರದಲ್ಲಿ ಗಾಯಗೊಂಡ ಮತ್ತು ತೊರೆಯಲ್ಪಟ್ಟ ಪ್ರಾಣಿಗಳ ಚಿಕಿತ್ಸೆ ಹಾಗೂ ಪುನರ್ವಸತಿಯಲ್ಲಿ ತೊಡಗಿದೆ.

ಚರ್ಚೆಗಳು

ಬೀದಿನಾಯಿಗಳನ್ನು ಬೀದಿಯಲ್ಲಿ ಉಳಿಸುವ ವಿಧಾನದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಮಕ್ಕಳು, ವೃದ್ಧರು ಮತ್ತು ರಾತ್ರಿ ವೇಳೆ ಕೆಲಸದಿಂದ ಮರಳುವವರ ಸುರಕ್ಷತೆಗೆ ಇದು ಧಕ್ಕೆ ತರುತ್ತದೆಂದು ಟೀಕಾಕಾರರು ವಾದಿಸುತ್ತಾರೆ. ಎಲ್ಲ ನಾಯಿಗಳಿಗೆ ಸಾಕಾಗುವಷ್ಟು ಆಶ್ರಯತಾಣಗಳಿಲ್ಲ, ಇಕ್ಕಟ್ಟಿನಲ್ಲಿ ಕೂಡಿಟ್ಟರೆ ರೋಗ ಹರಡುತ್ತದೆ ಎಂಬುದು ಪ್ರಾಣಿ ಕಲ್ಯಾಣ ಸಂಘಟನೆಗಳ ವಾದ. ತೆರೆದ ಕಸದ ರಾಶಿಗಳು ನಾಯಿಗಳ ಮುಖ್ಯ ಆಹಾರಮೂಲವಾಗಿರುವುದರಿಂದ ತ್ಯಾಜ್ಯ ವಿಲೇವಾರಿ ಸುಧಾರಿಸದೆ ಅವುಗಳ ಸಂಖ್ಯೆಯನ್ನು ನಿಯಂತ್ರಿಸುವುದು ಕಷ್ಟ. ಸಾಕುನಾಯಿಗಳ ಅನಿಯಂತ್ರಿತ ಸಂತಾನ ಮತ್ತು ಅವುಗಳನ್ನು ತೊರೆಯುವುದೂ ಬೀದಿನಾಯಿಗಳ ಸಂಖ್ಯೆ ಹೆಚ್ಚಲು ಕಾರಣವಾಗಿದೆ.

ಇವನ್ನೂ ನೋಡಿ

• ನಾಯಿ
• ರೇಬೀಸ್
• ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ
• ಮುಧೋಳ ನಾಯಿ