ರಕ್ತನಾಳದೊಳಗೆ ವಿಟಮಿನ್ ಡಿ: ಒಂದು ಊಹೆಯ ಇತಿಹಾಸ

1928ರಲ್ಲಿ ಗಾಟಿಂಗನ್‌ನ ರಸಾಯನ ವಿಜ್ಞಾನಿ ಅಡಾಲ್ಫ್ ವಿಂಡೌಸ್ ಅವರಿಗೆ ನೊಬೆಲ್ ಬಂತು. ಸ್ಟೆರಾಲ್‌ಗಳಿಗೂ ವಿಟಮಿನ್‌ಗಳಿಗೂ ಇರುವ ನಂಟನ್ನು ತೋರಿಸಿಕೊಟ್ಟದ್ದಕ್ಕೆ ಸಂದ ಗೌರವ ಅದು. ಅದೇ ವರ್ಷ ಜರ್ಮನಿಯಲ್ಲೇ ಕ್ರೈಟ್‌ಮೈರ್ ಮತ್ತು ಮೋಲ್ ಎಂಬಿಬ್ಬರು ಸಂಶೋಧಕರು ಅಷ್ಟೇನೂ ಸಂಭ್ರಮ ತರದ ವರದಿಯೊಂದನ್ನು ಪ್ರಕಟಿಸಿದರು. ಅತಿನೇರಳೆ ಬೆಳಕಿಗೆ ಒಡ್ಡಿದ ಎರ್ಗೋಸ್ಟೆರಾಲನ್ನು, ಅಂದರೆ ಅಂದಿನ ವಿಟಮಿನ್ ಡಿಯನ್ನು, ಭಾರೀ ಪ್ರಮಾಣದಲ್ಲಿ ತಿನ್ನಿಸಿದ ಪ್ರಾಣಿಗಳು ಸೊರಗಿ ಸತ್ತಿದ್ದವು. ಕೊಯ್ದು ನೋಡಿದರೆ, ಬಿಸಿನೀರಿನ ಹಂಡೆಯೊಳಗೆ ಉಪ್ಪು ಕಟ್ಟಿದಂತೆ, ರಕ್ತನಾಳಗಳ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿತ್ತು.

ಅಧಿಕ ರಕ್ತದೊತ್ತಡಕ್ಕೂ ವಿಟಮಿನ್ ಡಿಗೂ ಇರುವ ಸಂಬಂಧದ ಬಗ್ಗೆ ಈಚೆಗೆ ಬಂದ ವಿಮರ್ಶಾ ಲೇಖನಗಳು ಸಾಮಾನ್ಯವಾಗಿ ಕತೆಯನ್ನು 1980ರ ದಶಕದಿಂದ ಶುರುಮಾಡುತ್ತವೆ. ಅದು ಅರ್ಧ ಕತೆ. ರಕ್ತನಾಳದ ಚರಿತ್ರೆಯೊಳಗೆ ಈ ವಿಟಮಿನ್ ಮೊದಲು ಕಾಲಿಟ್ಟದ್ದು ವಿಷವಾಗಿ, ಔಷಧದ ವೇಷ ತೊಟ್ಟದ್ದು ಬಹಳ ತಡವಾಗಿ. ಒಂದು ವಸ್ತು ಇಲ್ಲದೇ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಪ್ರಯೋಗಾಲಯ ಕೊಟ್ಟ ಉತ್ತರವನ್ನು, ಅದನ್ನು ಇನ್ನಷ್ಟು ಕೊಟ್ಟರೆ ಏನಾಗುತ್ತದೆ ಎಂಬ ಬೇರೆಯದೇ ಪ್ರಶ್ನೆಗೆ ಉತ್ತರವೆಂದು ಓದಿಕೊಂಡದ್ದು ಈ ಕ್ಷೇತ್ರದ ಮೂಲ ಎಡವಟ್ಟು ಎಂಬುದು ಈ ಲೇಖನದ ವಾದ.

ಹಿನ್ನೆಲೆ ಬಲ್ಲವರಿಗೆ ಗೊತ್ತಿರುವುದೇ. 1919ರಲ್ಲಿ ಲಂಡನ್‌ನಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಬರಿಸಿ ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದನ್ನು ತಡೆದು ತೋರಿಸಿದರು. ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್‌ಕಿ ಪಾದರಸದ ದೀಪದ ಬೆಳಕಿನಿಂದಲೇ ಮಕ್ಕಳ ರಿಕೆಟ್ಸ್ ಗುಣಪಡಿಸಿದರು. 1922ರಲ್ಲಿ ಅಮೆರಿಕದ ಮೆಕಾಲಮ್ ಆ ಎಣ್ಣೆಯೊಳಗಿನ ಅಂಶಕ್ಕೆ ‘ಡಿ’ ಅಕ್ಷರ ಕೊಟ್ಟರು. ಎಣ್ಣೆಯೋ ಬಿಸಿಲೋ ಎಂಬ ಜಗಳ ಮುಂದೆ ತೀರಿತು: ಎರಡೂ ಒಂದೇ. ಇದಿಷ್ಟೂ ಮೂಳೆಯ ಕತೆ. ರಕ್ತನಾಳದ ಸುದ್ದಿ ಎತ್ತಿದವರು ವಿಷಶಾಸ್ತ್ರದವರು ಮಾತ್ರ.

ಅವರಿಗೆ ಕೆಲಸವೇನೂ ಕಡಿಮೆ ಇರಲಿಲ್ಲ. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆಂದು ದಿನಕ್ಕೆ ಲಕ್ಷಗಟ್ಟಲೆ ಯೂನಿಟ್ ವಿಟಮಿನ್ ಡಿ ಕೊಡುವ ಪದ್ಧತಿ ಬೆಳೆಯಿತು. ಮೂತ್ರಪಿಂಡ ಕೆಟ್ಟ, ನಾಳಗಳಲ್ಲಿ ಕ್ಯಾಲ್ಸಿಯಂ ತುಂಬಿದ ರೋಗಿಗಳ ವರದಿಗಳೂ ಬೆನ್ನಿಗೇ ಬಂದವು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಹಾಲಿನ ಪುಡಿಗೂ ಮಕ್ಕಳ ಆಹಾರಕ್ಕೂ ವಿಟಮಿನ್ ಡಿ ಧಾರಾಳವಾಗಿ ಬೆರೆಸಲಾಯಿತು. 1950ರ ದಶಕದಲ್ಲಿ ಅಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ ಕೂಸುಗಳು ಕಾಣಿಸಿಕೊಂಡ ಮೇಲೆ ಆ ಪ್ರಮಾಣವನ್ನು ಇಳಿಸಬೇಕಾಯಿತು. 1961ರಲ್ಲಿ ನ್ಯೂಜಿಲೆಂಡಿನ ಜೆ.ಸಿ.ಪಿ. ವಿಲಿಯಮ್ಸ್, ಮಹಾಪಧಮನಿ ಕಿರಿದಾದ ಮಕ್ಕಳ ಸಿಂಡ್ರೋಮ್ ಒಂದನ್ನು ವಿವರಿಸಿದಾಗ ಇದೂ ವಿಟಮಿನ್ ಡಿಯದೇ ಕಿತಾಪತಿ ಇರಬೇಕೆಂದು ಅನೇಕರು ಶಂಕಿಸಿದರು. 1993ರಲ್ಲಿ ನಿಜವಾದ ಕಾರಣ ಸಿಕ್ಕಿತು: ಏಳನೇ ಕ್ರೋಮೋಸೋಮಿನಲ್ಲಿ ಎಲಾಸ್ಟಿನ್ ಜೀನನ್ನೂ ಒಳಗೊಂಡ ತುಣುಕೊಂದು ಕಳೆದುಹೋಗಿರುವುದು. ಆರೋಪಿ ಖುಲಾಸೆಯಾದ. ಆದರೆ ಮಿತಿಮೀರಿದ ವಿಟಮಿನ್ ಡಿ ನಾಳವನ್ನು ಗಡುಸು ಮಾಡುತ್ತದೆಂಬ 1928ರ ಮಾತು ಸುಳ್ಳಾಗಲಿಲ್ಲ; ಕೊಲೆಕ್ಯಾಲ್ಸಿಫೆರಾಲ್, ಅಂದರೆ ವಿಟಮಿನ್ ಡಿ3, ಇಂದಿಗೂ ಇಲಿ ಪಾಷಾಣವಾಗಿ ಬಳಕೆಯಲ್ಲಿದೆ.

ವಿಷದ ಕತೆ ಮರೆಗೆ ಸರಿದದ್ದು ವಿಟಮಿನ್ ಹಾರ್ಮೋನಾದಾಗ. 1968ರಲ್ಲಿ ವಿಸ್ಕಾನ್ಸಿನ್‌ನ ಹೆಕ್ಟರ್ ಡಿಲುಕಾ ತಂಡ 25-ಹೈಡ್ರಾಕ್ಸಿ ವಿಟಮಿನ್ ಡಿಯನ್ನು ಗುರುತಿಸಿತು. ಇಂದು ಲ್ಯಾಬುಗಳಲ್ಲಿ ಅಳೆಯುವುದು ಇದನ್ನೇ. 1970ರಲ್ಲಿ ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೊಡಿಚೆಕ್, ಅದರ ಕ್ರಿಯಾಶೀಲ ರೂಪ ತಯಾರಾಗುವುದು ಮೂತ್ರಪಿಂಡದಲ್ಲಿ ಎಂದು ತೋರಿಸಿದರು. ರಕ್ತದೊತ್ತಡ ಏರಿಸುವ ಸರಪಳಿಯ ಮೊದಲ ಕೊಂಡಿಯಾದ ರೆನಿನ್ ಹುಟ್ಟುವುದೂ ಅದೇ ಅಂಗದಲ್ಲಿ. ಈ ನೆರೆಹೊರೆ ಸಂಶೋಧಕರ ಕಲ್ಪನೆಯನ್ನು ಕೆಣಕದೇ ಇರುತ್ತದೆಯೇ? ಆದರೂ ಮೊದಲ ಫಲಿತಾಂಶಗಳು ಗೋಜಲು. ನ್ಯೂಯಾರ್ಕ್‌ನಲ್ಲಿ ರೆಸ್ನಿಕ್, ಮ್ಯೂಲರ್ ಮತ್ತು ಲಾರಾ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೆನಿನ್ ಕಡಿಮೆಯಿದ್ದ ರೋಗಿಗಳ ರಕ್ತದಲ್ಲಿ ಕ್ರಿಯಾಶೀಲ ವಿಟಮಿನ್ ಡಿ ಹೆಚ್ಚೇ ಇತ್ತು. ಇವರಿಗೂ ಬಿ.ಪಿ. ಇತ್ತು ಎಂಬುದನ್ನು ಗಮನಿಸಬೇಕು. ಕೊರತೆಯೇ ಕಾರಣ ಎಂಬ ಸರಳ ಸೂತ್ರಕ್ಕೆ ಈ ಗುಂಪು ಆಗಲೂ ಒಗ್ಗಲಿಲ್ಲ, ಈಗಲೂ ಒಗ್ಗುವುದಿಲ್ಲ.

ಆ ಸೂತ್ರ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಭೂಪಟದ ಮೇಲೆ. ಹೃದ್ರೋಗದ ಸಾವುಗಳು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಬಿಸಿಲಿನ ಅಭಾವ ಕಾರಣವಿರಬಹುದು ಎಂದು ರಾಬರ್ಟ್ ಸ್ಕ್ರ್ಯಾಗ್ 1981ರಲ್ಲಿ ಬರೆದರು. ಸಮಭಾಜಕ ವೃತ್ತದಿಂದ ದೂರ ಸರಿದಷ್ಟೂ ರಕ್ತದೊತ್ತಡ ಏರುತ್ತದೆ, ಕಪ್ಪು ಚರ್ಮದವರಲ್ಲಿ ಇದು ಎದ್ದು ಕಾಣುತ್ತದೆ ಎಂದು ಅಮೆರಿಕದ ಸ್ಟೀಫನ್ ರೋಸ್ಟಂಡ್ 1997ರಲ್ಲಿ ವಾದಿಸಿದರು. ಮರುವರ್ಷ ಬರ್ಲಿನ್‌ನಿಂದ ಕ್ರೌಸೆ ತಂಡದ ಪುಟ್ಟ ಪ್ರಯೋಗ ‘ಲ್ಯಾನ್ಸೆಟ್’ನಲ್ಲಿ ಬಂತು. ಸೌಮ್ಯ ಅಧಿಕ ರಕ್ತದೊತ್ತಡದ 18 ಜನರಿಗೆ ವಾರಕ್ಕೆ ಮೂರು ಸಲದಂತೆ ಆರು ವಾರ ಅತಿನೇರಳೆ ಬೆಳಕು ಕೊಟ್ಟಿದ್ದರು. ಯುವಿ-ಬಿ ಪಡೆದವರಲ್ಲಿ ವಿಟಮಿನ್ ಡಿ ಏರಿತು, ಒತ್ತಡ ಸುಮಾರು 6 ಮಿ.ಮೀ. ಇಳಿಯಿತು; ಯುವಿ-ಎ ಪಡೆದವರಲ್ಲಿ ಎರಡೂ ಆಗಲಿಲ್ಲ. ಹದಿನೆಂಟೇ ಜನ! ಆದರೂ ಮುಂದಿನ ಎರಡು ದಶಕ ಈ ಪ್ರಬಂಧವನ್ನು ಉಲ್ಲೇಖಿಸಿದವರಿಗೆ ಲೆಕ್ಕವಿಲ್ಲ.

ಅಕ್ಷಾಂಶದ ವಾದ ನಮ್ಮ ಕಡೆ ಬಂದು ನಿಂತರೆ ಮುಗ್ಗರಿಸುತ್ತದೆ. ಬೆಂಗಳೂರು, ತಿರುಪತಿಗಳು ಇರುವುದು 13 ಡಿಗ್ರಿಯ ಆಸುಪಾಸಿನಲ್ಲಿ; ಬಿಸಿಲಿಗೆ ಬರವಿಲ್ಲ. ಆದರೆ ತಿರುಪತಿಯಲ್ಲಿ ಹರಿನಾರಾಯಣ್ ಮತ್ತು ಸಹೋದ್ಯೋಗಿಗಳು 2000ದ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ ಆರೋಗ್ಯವಂತ ದಕ್ಷಿಣ ಭಾರತೀಯರಲ್ಲೂ ವಿಟಮಿನ್ ಡಿ ಕೊರತೆ ವ್ಯಾಪಕವಾಗಿ ಕಂಡುಬಂತು, ಹಳ್ಳಿಯವರಿಗಿಂತ ಪಟ್ಟಣದವರಲ್ಲಿ ಹೆಚ್ಚು. ಹೊಲದಲ್ಲಿ ದುಡಿಯುವವರಿಗೂ ಕಚೇರಿಯಲ್ಲಿ ಕೂರುವವರಿಗೂ ಇರುವ ವ್ಯತ್ಯಾಸ ಬರೀ ಬಿಸಿಲಿನದಲ್ಲ: ಮೈದುಡಿತ, ತೂಕ, ಊಟ ಎಲ್ಲವೂ ಬೇರೆ. ಇವೆಲ್ಲವೂ ರಕ್ತದೊತ್ತಡವನ್ನು ತಾವಾಗಿಯೇ ಬದಲಿಸುವಂಥವು. ಯಾವುದರ ಪಾಲು ಎಷ್ಟೆಂದು ಭೂಪಟ ಹೇಳುವುದಿಲ್ಲ.

ಇಷ್ಟರಲ್ಲಿ ರಕ್ತನಾಳದ ಬಗೆಗಿನ ತಿಳಿವಳಿಕೆಯೇ ಮಗ್ಗುಲು ಬದಲಿಸಿತ್ತು. ನಾಳವನ್ನು ಬರೀ ಕೊಳವೆಯೆಂದು ಭಾವಿಸಿದ್ದ ಕಾಲ 1980ಕ್ಕೆ ಮುಗಿಯಿತು. ಆ ವರ್ಷ ಫರ್ಚ್‌ಗಾಟ್ ಮತ್ತು ಜವಾಡ್ಜ್‌ಕಿ, ಮೊಲದ ಮಹಾಪಧಮನಿಯ ತುಂಡಿನ ಒಳಪದರವನ್ನು ಉಜ್ಜಿ ತೆಗೆದರೆ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕಕ್ಕೆ ಅದು ಸಡಿಲಗೊಳ್ಳುವುದಿಲ್ಲ ಎಂದು ತೋರಿಸಿದರು. ಎಂಡೋಥೀಲಿಯಮ್ ಎಂಬ ಈ ಒಂದೇ ಕೋಶದ ದಪ್ಪದ ಪದರ ಯಾವುದೋ ಸಂದೇಶವನ್ನು ಹೊರಗಿನ ಸ್ನಾಯುವಿಗೆ ಕಳಿಸುತ್ತಿತ್ತು. 1987ರ ಹೊತ್ತಿಗೆ ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಅನಿಲವೆಂದು ಗೊತ್ತಾಯಿತು. ಅಧಿಕ ರಕ್ತದೊತ್ತಡದವರಲ್ಲಿ ಒಳಪದರದ ಈ ಕೆಲಸ ಕುಂದಿರುತ್ತದೆಂದು 1990ರಲ್ಲಿ ಪಾನ್ಜಾ ತಂಡ ಸಾಬೀತುಮಾಡಿತು. 1992ರಲ್ಲಿ ಸೆಲರ್‌ಮೇಯರ್ ಅದನ್ನು ಸೂಜಿ ಚುಚ್ಚದೆ ಅಳೆಯುವ ದಾರಿ ತೋರಿದರು: ತೋಳಿಗೆ ಪಟ್ಟಿ ಬಿಗಿದು ಕೆಲವು ನಿಮಿಷ ರಕ್ತ ತಡೆದು ಬಿಟ್ಟಾಗ ಅಪಧಮನಿ ಶೇಕಡಾ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುವುದು. ವಿಟಮಿನ್ ಡಿ ಸಂಶೋಧಕರಿಗೆ ಬೇಕಾಗಿದ್ದ ಅಳತೆಗೋಲು ಇದೇ. ಒಳಪದರದ ಕೋಶಗಳಲ್ಲಿ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇದೆಯೆಂದು ಮೆರ್ಕೆ ತಂಡ 1989ರಲ್ಲೇ ವರದಿ ಮಾಡಿತ್ತು.

ಆಮೇಲೆ ಇಲಿಗಳ ಸರದಿ. 2002ರಲ್ಲಿ ಷಿಕಾಗೋದ ಯಾನ್ ಚುನ್ ಲಿ ತಂಡ ಈ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ರೆನಿನ್ ಹಲವು ಪಟ್ಟು ಏರಿ ರಕ್ತದೊತ್ತಡ ಹೆಚ್ಚಿ ಹೃದಯ ದಪ್ಪವಾದದ್ದನ್ನು ಕಂಡಿತು. 2014ರಲ್ಲಿ ವಿಯೆನ್ನಾದ ಆಂಡ್ರುಖೋವಾ ಮತ್ತು ಸಂಗಡಿಗರು ಕ್ಯಾಲ್ಸಿಯಂ ಸರಿದೂಗಿಸುವ ಆಹಾರ ಕೊಟ್ಟೂ ನೋಡಿದರು. ರಿಸೆಪ್ಟರ್ ಕೆಟ್ಟ ಇಲಿಗಳಲ್ಲಿ ನೈಟ್ರಿಕ್ ಆಕ್ಸೈಡ್ ಕಡಿಮೆ, ಮಹಾಪಧಮನಿ ಬಿಗಿ. ಅದೇ ವರ್ಷ ಕ್ಯಾಲಿಫೋರ್ನಿಯಾದ ಗಾರ್ಡ್ನರ್ ತಂಡದ ಕೆಲಸ ನನ್ನ ಮಟ್ಟಿಗೆ ಇಡೀ ಸಾಹಿತ್ಯದಲ್ಲೇ ಹೆಚ್ಚು ಕಣ್ಣು ತೆರೆಸುವಂಥದು. ಅವರು ಒಳಪದರದಲ್ಲಿ ಮಾತ್ರ ರಿಸೆಪ್ಟರ್ ಅಳಿಸಿದರು. ನಾಳ ಸಡಿಲಗೊಳ್ಳುವ ಶಕ್ತಿ ಕುಗ್ಗಿತು, ಆದರೆ ಸಾಮಾನ್ಯ ಸ್ಥಿತಿಯಲ್ಲಿ ರಕ್ತದೊತ್ತಡ ಏರಲಿಲ್ಲ. ರೆನಿನ್ ಸರಪಳಿಯ ಮುಂದಿನ ಕೊಂಡಿಯಾದ ಆಂಜಿಯೊಟೆನ್ಸಿನ್ ಹರಿಸಿದಾಗಷ್ಟೇ ಉಳಿದ ಇಲಿಗಳಿಗಿಂತ ಜೋರಾಗಿ ಏರಿತು. ಒಳಪದರದ ದೋಷವೂ ರಕ್ತದೊತ್ತಡವೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೆ ಅದಕ್ಕೆ ಮುಂಚೆಯೇ ಮನುಷ್ಯರ ಮೇಲಿನ ಪ್ರಯೋಗಗಳನ್ನು ರೂಪಿಸಿದ್ದವರು ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಇಳಿಯುತ್ತದೆಂದೇ ನಂಬಿದ್ದರು.

ಆರಂಭ ಆಶಾದಾಯಕವಾಗಿಯೇ ಇತ್ತು. 2001ರಲ್ಲಿ ಜರ್ಮನಿಯ ಫೈಫರ್ ತಂಡ 148 ವೃದ್ಧೆಯರಿಗೆ ಎಂಟು ವಾರ ಕ್ಯಾಲ್ಸಿಯಂ ಜೊತೆ ದಿನಕ್ಕೆ 800 ಯೂನಿಟ್ ವಿಟಮಿನ್ ಡಿ, ಇಲ್ಲವೇ ಬರಿಯ ಕ್ಯಾಲ್ಸಿಯಂ ಕೊಟ್ಟಿತು; ವಿಟಮಿನ್ ಪಡೆದವರ ಸಿಸ್ಟಾಲಿಕ್ ಒತ್ತಡ ಶೇ. 9.3 ಇಳಿಯಿತು. 2008ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ 34 ಮಧುಮೇಹಿಗಳ ಮೇಲೆ ನಡೆದ ಪ್ರಯೋಗದಲ್ಲಿ 1,00,000 ಯೂನಿಟ್ಟಿನ ಒಂದೇ ಡೋಸ್ ಅಪಧಮನಿಯ ಹಿಗ್ಗುವಿಕೆಯನ್ನು ಶೇ. 2.3ರಷ್ಟು ಹೆಚ್ಚಿಸಿತು. ಅದೇ ಡಂಡಿಯ ಮೈಲ್ಸ್ ವಿದಮ್ 2013ರಲ್ಲಿ ಎಪ್ಪತ್ತು ದಾಟಿದ 159 ಅಧಿಕ ರಕ್ತದೊತ್ತಡದ ರೋಗಿಗಳಿಗೆ ಮೂರು ತಿಂಗಳಿಗೊಮ್ಮೆ ಅಷ್ಟೇ ಪ್ರಮಾಣವನ್ನು ವರ್ಷವಿಡೀ ಕೊಟ್ಟು ನೋಡಿದರು. ಒತ್ತಡವೂ ಇಳಿಯಲಿಲ್ಲ, ನಾಳವೂ ಸುಧಾರಿಸಲಿಲ್ಲ. 2015ರಲ್ಲಿ ಅಮೆರಿಕದ ‘ಡೇಲೈಟ್’ ಪ್ರಯೋಗದ 534 ಜನರಲ್ಲಿ ದಿನಕ್ಕೆ 400 ಯೂನಿಟ್ ತಿಂದವರಿಗೂ 4,000 ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ 200 ರೋಗಿಗಳ ಇಪ್ಪತ್ನಾಲ್ಕು ತಾಸಿನ ಬಿ.ಪಿ. ಅಳತೆಯೂ ಅದನ್ನೇ ಹೇಳಿತು. ಅದೇ ವರ್ಷ 46 ಪ್ರಯೋಗಗಳ ಒಟ್ಟು ಲೆಕ್ಕ ಹಾಕಿದ ವಿಶ್ಲೇಷಣೆ, ರಕ್ತದೊತ್ತಡ ಇಳಿಸಲು ವಿಟಮಿನ್ ಡಿ ಬಳಸಬಾರದೆಂದು ನೇರವಾಗಿ ಬರೆಯಿತು. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಫೋರ್‌ಮನ್ 2013ರಲ್ಲಿ ಕಂಡ ಸಣ್ಣ ಇಳಿಕೆ, 1,000 ಯೂನಿಟ್ಟಿಗೆ 1.4 ಮಿ.ಮೀ., ಅಪವಾದವಾಗಿ ಉಳಿದಿದೆ.

ಹಾಗಾದರೆ ಬರ್ಲಿನ್‌ನ ಬೆಳಕು ಒತ್ತಡ ಇಳಿಸಿದ್ದು ಹೇಗೆ? 2009ರಿಂದೀಚೆಗೆ ಬಂದ ಇನ್ನೊಂದು ಎಳೆ ಇಲ್ಲಿ ಮುಖ್ಯ. ಯುವಿ-ಎ ಬೆಳಕು ಚರ್ಮದಲ್ಲಿ ದಾಸ್ತಾನಿರುವ ನೈಟ್ರಿಕ್ ಆಕ್ಸೈಡನ್ನು ರಕ್ತಕ್ಕೆ ಬಿಟ್ಟು ಸ್ವಲ್ಪ ಹೊತ್ತು ಒತ್ತಡ ಇಳಿಸುತ್ತದೆ. ಎಡಿನ್‌ಬರೋದ ರಿಚರ್ಡ್ ವೆಲ್ಲರ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಆರೋಗ್ಯವಂತರಲ್ಲಿ ತೋರಿಸಿದರು. ಇದಕ್ಕೆ ವಿಟಮಿನ್ ಡಿಯ ಹಂಗಿಲ್ಲ. ಬರ್ಲಿನ್‌ನಲ್ಲಿ ನಿಷ್ಪರಿಣಾಮವೆಂದು ಎಣಿಸಿದ ಯುವಿ-ಎ ಇಲ್ಲಿ ನಾಯಕ. ಒಂದು ಆರು ವಾರಗಳ ಅಳತೆ, ಇನ್ನೊಂದು ಕ್ಷಣಿಕ ಎಂದು ಇಬ್ಬರ ನಡುವೆ ರಾಜಿ ಮಾಡಿಸಬಹುದು. ನನಗೆ ಅದು ತೃಪ್ತಿ ತಂದಿಲ್ಲ.

ನಮ್ಮ ಔಷಧದಂಗಡಿಗಳಲ್ಲಿ ವಾರಕ್ಕೊಂದರಂತೆ ತಿನ್ನುವ 60,000 ಯೂನಿಟ್ಟಿನ ಮಾತ್ರೆ, ಪುಡಿಗಳ ಬಿಕರಿಗೆ ಈ ವಿವಾದದ ಬಿಸಿ ತಟ್ಟಿದಂತಿಲ್ಲ. ಮೂಳೆಗೆ ಅವು ಬೇಕಾದವರಿದ್ದಾರೆ, ಆ ಮಾತು ಬೇರೆ. ನಾಳದ ಬಗ್ಗೆ ದಕ್ಷಿಣ ಏಷ್ಯಾದವರ ಮೇಲೆಯೇ ನಡೆದ ಒಂದು ಪರೀಕ್ಷೆಯೂ ಇದೆ: ಬ್ರಿಟನ್ನಿನಲ್ಲಿ ನೆಲೆಸಿದ 50 ಮಹಿಳೆಯರಿಗೆ ವಿದಮ್ ತಂಡ 1,00,000 ಯೂನಿಟ್ ಕೊಟ್ಟಿತ್ತು, ಒಳಪದರದ ಕೆಲಸ ಉತ್ತಮಗೊಳ್ಳಲಿಲ್ಲ. ಆದರೆ ಅವರು ಆರೋಗ್ಯವಂತರು, ಅವಧಿ ಕೆಲವೇ ವಾರ. ತೀವ್ರ ಕೊರತೆಯೂ ಅಧಿಕ ರಕ್ತದೊತ್ತಡವೂ ಒಟ್ಟಿಗೆ ಇರುವವರ ಮೇಲೆ ದೊಡ್ಡ, ದೀರ್ಘ ಪ್ರಯೋಗ ನಡೆಸುವುದು ಸುಲಭವಲ್ಲ. ಮೂಳೆ ಮೆತ್ತಗಾಗುವ ಮಟ್ಟದ ಕೊರತೆ ಇದೆಯೆಂದು ಗೊತ್ತಿದ್ದೂ ವರ್ಷಗಟ್ಟಲೆ ಹುಸಿಮಾತ್ರೆ ಕೊಡಲು ಯಾವ ನೈತಿಕ ಸಮಿತಿ ಸಹಿ ಹಾಕೀತು?