ಮೊಂಡುಗತ್ತಿಯ ನಾಲ್ಕು ನಿಮಿಷ

ಒಂದನೆಯ ಗುಣವರ್ಮನ ‘ಶೂದ್ರಕ’ವನ್ನು ಕಂಡವರಿಲ್ಲ. ಹಿಂದಿನವರು ಉದಾಹರಿಸಿ ಉಳಿಸಿದ ಬಿಡಿ ಪದ್ಯಗಳನ್ನು ಹಿಡಿದು ಅದರ ಸೊಗಸನ್ನು ತರಗತಿಯಲ್ಲಿ ವರ್ಣಿಸುವುದು ನನ್ನ ಕಸುಬು. ಆದ್ದರಿಂದಲೇ ಇರಬೇಕು, ಅರೆಬರೆ ಉಳಿದ ಹಳೆಯ ಮೂಕಚಿತ್ರಗಳೆಂದರೆ ನನಗೆ ವಿಚಿತ್ರವಾದ ಮೋಹ.

ಅಂಥದೊಂದು ಜಪಾನಿನ ‘ನಮಕುರ ಗತನ’. ಹೆಸರಿನ ಅರ್ಥ ಮೊಂಡುಗತ್ತಿ. ಕೋಉಚಿ ಜುನ್‌ಇಚಿ ಎಂಬ ವ್ಯಂಗ್ಯಚಿತ್ರಕಾರನು 1917ರಲ್ಲಿ ಮಾಡಿದ ಕಾರ್ಟೂನು ಚಿತ್ರ ಅದು. ಕಾಗದದಲ್ಲಿ ಕತ್ತರಿಸಿದ ಆಕೃತಿಗಳನ್ನು ಕೂದಲೆಳೆಯಷ್ಟು ಸರಿಸುವುದು, ಚಿತ್ರ ಹಿಡಿಯುವುದು, ಮತ್ತೆ ಸರಿಸುವುದು—ಇದು ಆಗಿನ ವಿಧಾನ. ಕಥೆಯಾದರೋ ಇಷ್ಟೇ: ಪೆದ್ದ ಸಮುರಾಯಿಯೊಬ್ಬ ಅಂಗಡಿಯಲ್ಲಿ ಕತ್ತಿ ಕೊಂಡು, ಅದರ ಹರಿತವನ್ನು ದಾರಿಹೋಕರ ಮೇಲೆ ಪರೀಕ್ಷಿಸಲು ಹೊರಡುತ್ತಾನೆ. ಮೊದಲು ಸಿಕ್ಕವನು ಮೈ ನೀವಿ ಹೊಟ್ಟೆ ಹೊರೆಯುವ ಕುರುಡ. ವೀರನು ಅವನಿಂದಲೇ ಒದೆಸಿಕೊಳ್ಳುತ್ತಾನೆ! ಅಷ್ಟಕ್ಕೂ ಬುದ್ಧಿ ಬರದೆ ಓಲೆಕಾರನೊಬ್ಬನ ಮೇಲೆ ಬೀಳುತ್ತಾನೆ. ಅಲ್ಲಿಯೂ ಅದೇ ಗತಿ.

ತೊಂಬತ್ತು ವರ್ಷ ಈ ಚಿತ್ರವು ಹಳೆಯ ಪತ್ರಿಕೆಗಳಲ್ಲಿನ ಹೆಸರಾಗಿ ಮಾತ್ರ ಉಳಿದಿತ್ತು. 2007ರಲ್ಲಿ ಓಸಾಕಾದ ಹಳೆಯ ಸಾಮಾನಿನ ಸಂತೆಯಲ್ಲಿ ಒಂದು ಸುರುಳಿ ಸಿಕ್ಕಿತು. ಮುಂದೆ ಬೇರೊಂದು ಪ್ರತಿಯ ತುಣುಕೂ ದೊರೆತು, ಎರಡನ್ನೂ ಕೂಡಿಸಿದ ಮೇಲೆ ಆದದ್ದು ಸುಮಾರು ನಾಲ್ಕು ನಿಮಿಷ.

ಆಗಿನ ಸುರುಳಿಗಳು ನೈಟ್ರೇಟಿನವು; ಕಿಡಿ ತಾಗಿದರೆ ಭಗ್ಗೆಂದು ಉರಿಯುವಂಥವು. 1923ರ ಭೂಕಂಪ ಮತ್ತು ಬೆಂಕಿ ಟೋಕಿಯೋದಲ್ಲಿದ್ದ ಎಷ್ಟನ್ನೋ ನುಂಗಿದವು. ಪ್ರದರ್ಶನ ಮುಗಿದ ಚಿತ್ರಗಳನ್ನು ತುಂಡರಿಸಿ ಮಕ್ಕಳ ಆಟಿಕೆಯ ಪ್ರೊಜೆಕ್ಟರಿಗೆಂದು ಮಾರುವುದೂ ಇತ್ತು. ವಿನಾಶವೆಂದು ಇದನ್ನು ಹಳಿಯಲು ಮನಸ್ಸಾಗದು. ಭಂಡಾರಗಳಲ್ಲಿ ಅಳಿದದ್ದು ಎಷ್ಟೋ ಸಲ ಮನೆಯ ಅಟ್ಟದಲ್ಲಿ ಉಳಿಯಿತು.

ಅದೇ ವರ್ಷ, ಕೋಉಚಿಗಿಂತ ಮೊದಲೇ, ಶಿಮೊಕಾವ ಓತೆನ್ ಎಂಬಾತ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಚಿತ್ರ ಹಿಡಿದು, ಅಳಿಸಿ, ಮತ್ತೆ ಬರೆದನಂತೆ. ಅವನ ಆ ಚಿತ್ರಗಳಲ್ಲಿ ಒಂದೂ ಉಳಿದಿಲ್ಲ. ಗಂಟೆ ಬಾರಿಸಿದೊಡನೆ ಹಲಗೆ ಒರೆಸಿ ಕೈ ಕೊಡವಿಕೊಳ್ಳುವ ನನಗೆ ಈ ಸಂಗತಿ ಸುಮ್ಮನೆ ಮರೆಯುವಂಥದಲ್ಲ.

ಸುರುಳಿ ಸಿಕ್ಕರೂ ಸಿಗದ ವಸ್ತು ಇನ್ನೊಂದಿದೆ. ಜಪಾನಿನ ಮೂಕಚಿತ್ರ ನಿಜವಾಗಿ ಮೂಕವಾಗಿರಲಿಲ್ಲ. ತೆರೆಯ ಪಕ್ಕದಲ್ಲಿ ‘ಬೆನ್‌ಷಿ’ ಎಂಬ ಕಥನಕಾರನಿದ್ದು, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದನು. 1917ರಲ್ಲಿ ಆ ಕುರುಡ ಒದ್ದಾಗ ಅವನು ಏನೆಂದು ಕೂಗಿದನೋ!

ಮೊನ್ನೆ ಮಗಳಿಗೆ ಈ ಚಿತ್ರ ತೋರಿಸುತ್ತ, ತಡೆಯಲಾರದೆ, “ಅಯ್ಯಯ್ಯೋ, ಸೊಂಟ ಮುರಿಯಿತಲ್ಲೋ!” ಎಂದುಬಿಟ್ಟೆ. ಅವಳು ನಕ್ಕು, “ಅಪ್ಪಾ, ಮೊದಲಿನಿಂದ ಹೇಳಿ” ಎಂದಳು.